ಗಾಜಿನ ಕಪಾಟಿಗೆ ಬೇಡವಾದ ವಾರಿಜೆ

ಡೊಂಬಿವಲಿ ಪೂರ್ವ
3 ಆಗಸ್ಟ್ 1983

ಮಾನ್ಯ ಸುಂದರಿ ಕಡೆಕಾರು ಅವರಿಗೆ,

ವಿಮಲಾ ಎಂಬ ಅಪರಿಚಿತಳ ನಮಸ್ಕಾರಗಳು. ನೀವು ಬದುಕಿದ್ದೀರಿ ಎಂದು ನನಗೆ ಹೋದ ವಾರವಷ್ಟೇ ಗೊತ್ತಾಯಿತು. ಹೀಗೆ ಪತ್ರ ಶುರು ಮಾಡುವುದು ಸಭ್ಯತೆಯಲ್ಲ, ಆದರೆ ಬೇರೆ ಹೇಗೆ ಬರೆಯಬೇಕೆಂದು ತೋಚಲಿಲ್ಲ. ನಮ್ಮ ಕನ್ನಡ ವಾಚನಾಲಯದ ಕಾರ್ಯದರ್ಶಿ ಮುರಾರಿಯವರು ಥಾಣೆಯ ನೌಪಾಡಾದಲ್ಲಿ ನಿಮ್ಮ ಮಗನ ಹೋಟೆಲಿಗೆ ತಿಂಡಿಗೆ ಹೋಗಿದ್ದರಂತೆ. ಕೌಂಟರಿನ ಪಕ್ಕ ಕನ್ನಡ ವಾರಪತ್ರಿಕೆ ಓದುತ್ತಾ ಕೂತಿದ್ದ ಹಿರಿಯರು ಯಾರು ಎಂದು ಕೇಳಿದ್ದಕ್ಕೆ ನಿಮ್ಮ ಮಗ, "ಅದು ಅಮ್ಮ. ಹಿಂದೆ ಎಂತದೋ ಕಾದಂಬರಿ ಎಲ್ಲ ಬರೀತಿದ್ರು" ಅಂದರಂತೆ. ಹೆಸರು ಕೇಳಿದ ಕೂಡಲೇ ಮುರಾರಿಯವರಿಂದ ಹೋಟೆಲಿನ ವಿಳಾಸ ಬರೆಸಿಕೊಂಡೆ.

ನಿಮ್ಮ 'ವಾರಿಜೆಯ ವನವಾಸ' ಧಾರಾವಾಹಿಯಾಗಿ ಬರುತ್ತಿದ್ದಾಗ ನಾನು ಬ್ರಹ್ಮಾವರದಲ್ಲಿ ಹೈಸ್ಕೂಲಿನಲ್ಲಿದ್ದೆ. ಪತ್ರಿಕೆ ಬಂದ ದಿನ ನಮ್ಮ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಸೇರುತ್ತಿದ್ದರು. ಅಮ್ಮ ಗಟ್ಟಿಯಾಗಿ ಓದುತ್ತಿದ್ದಳು. ಗಂಡನ ಮನೆಯವರು ವಾರಿಜೆಯನ್ನು ಹೊರಗೆ ಹಾಕಿದ ವಾರ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅವಳು ನರ್ಸ್ ತರಬೇತಿಗೆ ಸೇರಿದ ವಾರ ನಾನು ಅಪ್ಪನ ಎದುರು ನಿಂತು, ಟೈಪಿಂಗ್ ಕಲಿಯುತ್ತೇನೆ, ಮದುವೆ ಈಗಲೇ ಬೇಡ ಎಂದೆ. ಅಂಥ ಮಾತು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ. ಇವತ್ತು ಫೋರ್ಟಿನ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ವಾಚನಾಲಯ ಇರುವ ಹಾಲನ್ನು ಮಾಲೀಕರು ಟ್ಯೂಷನ್ ಕ್ಲಾಸಿಗೆ ಕೊಡುತ್ತಿದ್ದಾರೆ. ನಮಗೆ ಸಿಗುವುದು ಒಂದು ಚಿಕ್ಕ ಕೋಣೆ. ಅದರಲ್ಲಿ ಒಂದೇ ಒಂದು ಗಾಜಿನ ಕಪಾಟು ಹಿಡಿಸುತ್ತದೆ. ಉಳಿದ ಪುಸ್ತಕಗಳೆಲ್ಲ ರದ್ದಿಗೆ ಹೋಗುತ್ತವೆ. ಸೆಪ್ಟೆಂಬರ್ 25ರ ವಾರ್ಷಿಕ ಸಭೆಯಲ್ಲಿ ಒಬ್ಬೊಬ್ಬ ಸದಸ್ಯರು ಎದ್ದು ನಿಂತು, ಉಳಿಯಬೇಕಾದ ಒಂದು ಪುಸ್ತಕದ ಹೆಸರು ಹೇಳಿ, ಯಾಕೆಂದು ಎರಡು ಮಾತು ಆಡಬೇಕು. ಆಮೇಲೆ ಸಭೆ ಕೈ ಎತ್ತಬೇಕು. ನಾನು ವಾರಿಜೆಯ ಪರವಾಗಿ ನಿಲ್ಲುತ್ತೇನೆ. ಹೆಸರನ್ನು ಮುರಾರಿಯವರಿಗೆ ಕೊಟ್ಟೂ ಆಯಿತು. ನಮ್ಮಲ್ಲಿರುವ ಪ್ರತಿಗೆ ಓದಿ ಓದಿ ಮೊದಲ ಪುಟಗಳೂ ಇಲ್ಲ, ಕೊನೆಯವೂ ಇಲ್ಲ. ನಿಮ್ಮ ಬಳಿ ಒಂದು ಪ್ರತಿ ಇದ್ದರೆ ಮಾತಿಗೆ ತಯಾರಾಗಲು ಓದಿ ಜೋಪಾನವಾಗಿ ಹಿಂತಿರುಗಿಸುವೆ.

ನಿಮ್ಮ ಓದುಗಾರ್ತಿ,
ವಿಮಲಾ


ನೌಪಾಡಾ, ಥಾಣೆ
9 ಆಗಸ್ಟ್ 1983

ವಿಮಲಾ ಅವರೇ,

ಬದುಕಿದ್ದೇನೆ. ನಿಮ್ಮ ಪತ್ರ ಬರುವ ತನಕ ನನಗೂ ಅದರ ಬಗ್ಗೆ ಸ್ವಲ್ಪ ಅನುಮಾನವಿತ್ತು.

ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಮಗ ಜಯಶೀಲನಿಗೆ ಹೋಟೆಲಿನ ಬೋರ್ಡು ಓದಲು ಬರುತ್ತದೆ, ಅಷ್ಟು ಸಾಕಂತೆ. ಸೊಸೆ ಜಯಲತಾ ನನ್ನ ಹತ್ತಿರ ತುಳು, ಹಾಲಿನವನ ಹತ್ತಿರ ಹಿಂದಿ, ಪಕ್ಕದ ಮನೆಯವರ ಹತ್ತಿರ ಮರಾಠಿ ಮಾತಾಡುತ್ತಾಳೆ. ಮೊಮ್ಮಗಳು ನಯನಾ ಏಳನೆಯ ಕ್ಲಾಸು. ಕನ್ನಡ ಹೇಳಿದರೆ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ನಾನು ಇದನ್ನು ಬರೆಯಲು ಕೂತಾಗ, "ಅಜ್ಜಿ, ಕಿಸ್ಕೋ ಲಿಖ್ ರಹೀ ಹೋ?" ಎಂದಳು. ನನ್ನ ಪುಸ್ತಕ ಓದಿದವರಿಗೆ ಎಂದೆ. "ಆಪ್ ನೇ ಬುಕ್ ಲಿಖಾ ಹೈ?" ಎಂದು ಕೇಳಿ ಅಡುಗೆ ಮನೆಗೆ ಹೋಗಿ ತಾಯಿಯ ಹತ್ತಿರ ವಿಚಾರಿಸಿ ಬಂದಳು. ನನ್ನ ಮಾತು ಸಾಕಾಗಲಿಲ್ಲ.

ಒಂದು ಪುಸ್ತಕ ಉಳಿಯುವುದು, ಇನ್ನೊಂದು ಅಳಿಯುವುದು ಯಾಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮುದುಕಿಗೆ ಕೇಳುವವರು ಸಿಕ್ಕಿದ್ದಾರೆ. ದೊಡ್ಡ ಪುಸ್ತಕಗಳಿಗೆ ಮೇಷ್ಟ್ರುಗಳಿದ್ದಾರೆ. ವರ್ಷ ವರ್ಷ ಹುಡುಗರಿಗೆ ಓದಿಸುತ್ತಾರೆ, ಓದದವರನ್ನು ಫೇಲು ಮಾಡುತ್ತಾರೆ. ನನ್ನ ಪುಸ್ತಕಕ್ಕೆ ಓದುಗರು ಮಾತ್ರ ಇದ್ದರು. ಓದುಗರಿಗೆ ಮದುವೆಯಾಗುತ್ತದೆ, ಊರು ಬದಲಾಗುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ. ಅವರು ಪುಸ್ತಕವನ್ನು ಮರೆಯುವುದಿಲ್ಲ, ಅದನ್ನು ಪ್ರೀತಿಸಿದ್ದೆವು ಎಂಬುದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೆ. ನಾನು ಬರೆದದ್ದು ಆ ದೊಡ್ಡ ಪುಸ್ತಕಗಳ ಸಮಕ್ಕೆ ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಅವನ್ನು ಓದಿದ್ದೇನೆ, ವ್ಯತ್ಯಾಸ ಗೊತ್ತಿದೆ. ಆದರೆ ನನ್ನ ಪುಸ್ತಕ ಓದಿ ಅತ್ತ ಒಬ್ಬಳಾದರೂ ನಾಲ್ಕು ಜನರ ಎದುರು, ಹೌದು ಅತ್ತಿದ್ದೇನೆ ಎಂದು ಹೇಳಬೇಕು ಎಂಬ ಒಂದು ಆಸೆ ಇದೆ. ಇಷ್ಟು ವರ್ಷದಲ್ಲಿ ಅದು ಆಗಲಿಲ್ಲ.

ನನ್ನಲ್ಲಿ ಉಳಿದಿರುವುದು ಒಂದೇ ಪ್ರತಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಕಪಾಟಿನ ವಿಷಯ ನನಗೇನೂ ದೊಡ್ಡದಲ್ಲ. ಅಂದ ಹಾಗೆ, ಅದು ಎಷ್ಟು ಎತ್ತರವಿದೆ? ಒಳಗಿರುವ ಪುಸ್ತಕಗಳ ಹೆಸರು ಹೊರಗಿನಿಂದ ಕಾಣುತ್ತದೆಯೇ?

ಸುಂದರಿ


ಡೊಂಬಿವಲಿ
22 ಆಗಸ್ಟ್ 1983

ಪ್ರೀತಿಯ ಸುಂದರಿಯಮ್ಮ,

ಪುಸ್ತಕ ಬಂತು. ಕೊಳೆಯಾಗದಿರಲಿ ಎಂದು ಪೇಪರಿನ ಕವರ್ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಆಫೀಸಿಗೆ ಹೋಗುವ ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕ ದಿನ ಓದುತ್ತೇನೆ. ಮೊನ್ನೆ ವಾರಿಜೆ ಹೆರಿಗೆ ಆಸ್ಪತ್ರೆಯಲ್ಲಿ ತನ್ನ ನಾದಿನಿಯ ಮಗುವನ್ನೇ ಎತ್ತಿಕೊಳ್ಳುವ ಅಧ್ಯಾಯ ಬಂದಾಗ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ನಮ್ಮ ಆಫೀಸಿನ ಸೂಪರಿಂಟೆಂಡೆಂಟ್ ಮೇಡಂ ಕೂತಿದ್ದರು. ಮಂಗಳೂರಿನ ಕಾಲೇಜಿನಲ್ಲಿ ಎಂ.ಎ. ಮಾಡಿದವರು. "ಎಂತ ಓದ್ತಾ ಇದ್ದೀರಿ ವಿಮಲಾ?" ಎಂದರು. ಯಾವುದೋ ದೇವರ ಪುಸ್ತಕ ಎಂದೆ. ವಿವರಿಸುತ್ತಾ ಕೂತರೆ ನಾವು ಇಳಿಯುವುದಕ್ಕೆ ಹಿಂದಿನ ಮಸ್ಜಿದ್ ಸ್ಟೇಷನ್ ಬಂದುಬಿಡುತ್ತಿತ್ತು.

ಸಭೆಗೆ ಈ ಸಲ ಮುಖ್ಯ ಅತಿಥಿಗಳು ಬರುತ್ತಾರೆ, ಪ್ರೊಫೆಸರ್ ಶಿವರಾಯ. ರಾಯಚೂರಿನ ಕಡೆಯವರು, ಸಾಹಿತ್ಯದ ಮೇಲೆ ದೊಡ್ಡ ದೊಡ್ಡ ಲೇಖನ ಬರೆದವರು. ನಮ್ಮ ವಾಚನಾಲಯಕ್ಕೆ ಅಂಥವರು ಬರುವುದು ಇದೇ ಮೊದಲು. ಮುರಾರಿಯವರು ಅದೇ ಗಡಿಬಿಡಿಯಲ್ಲಿದ್ದಾರೆ. ನಾನು ಮಾತು ತಯಾರು ಮಾಡುತ್ತಿದ್ದೇನೆ. ಮೂರು ಸಲ ಬರೆದು ಹರಿದೆ.

ಕಪಾಟು ನನ್ನಷ್ಟು ಎತ್ತರ. ಹೆಸರು ಚೆನ್ನಾಗಿ ಕಾಣುತ್ತದೆ.

ನಿಮ್ಮ
ವಿಮಲಾ


ನೌಪಾಡಾ
2 ಸೆಪ್ಟೆಂಬರ್ 1983

ವಿಮಲಾ,

ಇನ್ನು ನಿನಗೆ ಬಹುವಚನ ಹಚ್ಚಲು ನನ್ನಿಂದಾಗದು. ನನಗೊಬ್ಬಳು ಮಗಳಿದ್ದಿದ್ದರೆ ಅವಳಿಗೆ ನಿನ್ನ ಪ್ರಾಯವೇ ಇರುತ್ತಿತ್ತು.

ಕವರ್ ಹಾಕಿದ್ದು ಓದಿ ಮನಸ್ಸು ತುಂಬಿ ಬಂತು. ನಾನೇ ಅದಕ್ಕೆ ಒಂದು ದಿನವೂ ಕವರ್ ಹಾಕಿದವಳಲ್ಲ. ಮಾತು ಬರೆದು ಹರಿಯಬೇಡ. ಸಾಹಿತ್ಯ, ಮೌಲ್ಯ ಎಂದೆಲ್ಲ ಹೇಳಲು ಹೋಗಬೇಡ, ಅದರಲ್ಲಿ ಪ್ರೊಫೆಸರರು ನಿನ್ನನ್ನು ಎರಡು ನಿಮಿಷದಲ್ಲಿ ಸೋಲಿಸುತ್ತಾರೆ. ಜಗಲಿಯಲ್ಲಿ ಅಮ್ಮ ಓದಿದ್ದು, ಅಪ್ಪನ ಎದುರು ನೀನು ನಿಂತದ್ದು, ಅಷ್ಟು ಹೇಳು ಸಾಕು. ಅದಕ್ಕೆ ಯಾವ ಪ್ರೊಫೆಸರರ ಹತ್ತಿರವೂ ಉತ್ತರವಿಲ್ಲ.

ಇನ್ನೊಂದು ವಿಷಯ. 25ರಂದು ಜಯಶೀಲ ಹೋಟೆಲಿನ ಸಾಮಾನು ನೋಡಲು ನಿಮ್ಮ ಡೊಂಬಿವಲಿಯ ಆಚೆಗಿನ ಕಲ್ಯಾಣಕ್ಕೆ ಹೋಗುತ್ತಾನೆ. ನನ್ನನ್ನು ನಿಮ್ಮಲ್ಲಿ ಇಳಿಸಿ ಹೋಗು ಎಂದರೆ ಇಳಿಸುತ್ತಾನೆ. ವೇದಿಕೆ ಬೇಡ, ಹಾರ ತುರಾಯಿ ಬೇಡ, ನಾನು ಯಾರೆಂದು ಯಾರಿಗೂ ಹೇಳುವುದೂ ಬೇಡ. ಹಿಂದಿನ ಬೆಂಚಿನಲ್ಲಿ ಕೂತು ನೀನು ಮಾತಾಡುವುದನ್ನು ಕೇಳಿ ಎದ್ದು ಬರುತ್ತೇನೆ. ನಯನಾಳಿಗೆ ಹೇಳಿದ್ದೇನೆ. ಬಂದ ಮೇಲೆ ಎಲ್ಲ ಹೇಳಬೇಕಂತೆ.

ಸುಂದರಿ


ಡೊಂಬಿವಲಿ
14 ಸೆಪ್ಟೆಂಬರ್ 1983

ಪ್ರೀತಿಯ ಸುಂದರಿಯಮ್ಮ,

ದಯವಿಟ್ಟು ಬರುವ ಶ್ರಮ ತೆಗೆದುಕೊಳ್ಳಬೇಡಿ. ಮಳೆ ಇನ್ನೂ ನಿಂತಿಲ್ಲ, ನಮ್ಮ ಹಾಲಿನ ಮುಂದೆ ಮೊಣಕಾಲುದ್ದ ನೀರು. ಮೆಟ್ಟಿಲು ಕಡಿದಾಗಿವೆ. ಸಭೆ ಎಷ್ಟು ಹೊತ್ತು ಎಳೆಯುತ್ತದೋ ಗೊತ್ತಿಲ್ಲ, ನಿಮಗೆ ಅಷ್ಟು ಹೊತ್ತು ಕೂತಿರುವುದು ಕಷ್ಟ. ಎಲ್ಲವನ್ನೂ ನಾನೇ ಬರೆದು ತಿಳಿಸುವೆ.

ವಿಮಲಾ


ಡೊಂಬಿವಲಿ
9 ಅಕ್ಟೋಬರ್ 1983

ಸುಂದರಿಯಮ್ಮನವರಿಗೆ,

ಬರೆಯುವುದು ತಡವಾಯಿತು, ಆಫೀಸಿನಲ್ಲಿ ಅರ್ಧವಾರ್ಷಿಕ ಲೆಕ್ಕದ ಗಲಾಟೆ. ನಿಮ್ಮಿಂದಲೂ ಪತ್ರ ಬರಲಿಲ್ಲ. ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ.

ಸಭೆ ನಡೆಯಿತು. ವಾರಿಜೆ ಆಯ್ಕೆಯಾಗಲಿಲ್ಲ. ನಾನು ಎದ್ದು ನಿಂತೆ. ಅಮ್ಮ ಜಗಲಿಯಲ್ಲಿ ಓದಿದ್ದು, ಈ ಪುಸ್ತಕದಿಂದಲೇ ನಾನು ನನ್ನ ಕಾಲ ಮೇಲೆ ನಿಂತದ್ದು, ಎಲ್ಲ ಹೇಳಿದೆ. ಆದರೆ ಸಭೆಯಲ್ಲಿ ಓದಿಕೊಂಡವರದೇ ಮೇಲುಗೈ. ಪ್ರೊಫೆಸರರು ಕಾಲದ ಪರೀಕ್ಷೆ ಎಂಬ ವಿಷಯದ ಮೇಲೆ ಮಾತಾಡಿದರು. ಕೈ ಎತ್ತುವಾಗ ಎಲ್ಲರೂ ಅವರ ಮುಖ ನೋಡಿ ಎತ್ತಿದರು. ನಾನೊಬ್ಬಳು ಏನು ಮಾಡಲಿ? ಕಾಲೇಜಿನಲ್ಲಿ ಪಠ್ಯವಾಗಿರುವ ಪುಸ್ತಕಗಳೇ ಕಪಾಟು ಸೇರಿದವು.

ನಿಮ್ಮ ಪ್ರತಿಯನ್ನು ಸದ್ಯದಲ್ಲೇ ಕಳಿಸುವೆ. ಬೇಸರ ಮಾಡಿಕೊಳ್ಳಬೇಡಿ.

ವಿಮಲಾ


ನೌಪಾಡಾ
15 ಅಕ್ಟೋಬರ್ 1983

ವಿಮಲಾ,

ನಿನ್ನ ಪತ್ರ ಊಟದ ಹೊತ್ತಿಗೆ ಬಂತು. ಬಟ್ಟಲಿನ ಮುಂದೆ ಕೂತಲ್ಲೇ ಗಟ್ಟಿಯಾಗಿ ಓದಿದೆ. ಜಯಶೀಲ ಊಟ ನಿಲ್ಲಿಸಿ ಕೇಳಿದ. ನನ್ನ ಪುಸ್ತಕದ ವಿಷಯಕ್ಕೆ ಅವನು ಊಟ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. ನಯನಾ ನೀನು ಮಾತಾಡಿದ ಭಾಗವನ್ನು ಎರಡನೆಯ ಸಲ ಓದಿಸಿದಳು. "ಸಚ್ ಮೇ ಸಬ್ ಕೇ ಸಾಮ್ನೇ ಐಸಾ ಬೋಲಾ?" ಎಂದು ಕೇಳಿದಳು. ಹೌದು, ಎಲ್ಲರ ಎದುರೇ ಹೇಳಿದಳಂತೆ, ಇಲ್ಲೇ ಬರೆದಿದ್ದಾಳೆ ನೋಡು ಎಂದೆ. ಅವಳಿಗೆ ಅಕ್ಷರ ಗೊತ್ತಿಲ್ಲ, ಆದರೂ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದಳು.

ಕಪಾಟು ಹೋದರೆ ಹೋಯಿತು. ಪುಸ್ತಕ ಕಳಿಸಲು ಅವಸರವಿಲ್ಲ. ದೀಪಾವಳಿಗೆ ನೀನು ಬರಬೇಕೆಂದು ಮನೆಯವರೆಲ್ಲ ಹೇಳುತ್ತಿದ್ದಾರೆ.

ಸುಂದರಿ


ನೌಪಾಡಾ
10 ನವೆಂಬರ್ 1983
(ಕಾರ್ಡು)

ವಿಮಲಾ, ದೀಪಾವಳಿಗೆ ಬರುತ್ತೀಯೆಂದು ಮನೆಯವರು ಕಾದರು. ಜಯಲತಾ ಕಡುಬಿಗೆ ಎಲೆಯ ಮೂಡೆ ಕಟ್ಟಿದ್ದಳು. ನಯನಾ ನನ್ನ ಹತ್ತಿರ ಅ ಆ ಇ ಈ ಬರೆಸಿಕೊಳ್ಳುತ್ತಿದ್ದಾಳೆ. ಜಗಳವಾಡಿ ಕಾಪಾಡುವಂಥದ್ದು ಆ ಪುಸ್ತಕದಲ್ಲಿ ಏನಿದೆ ಎಂದು ತಾನೇ ಓದಿ ನೋಡಬೇಕಂತೆ. 'ಳ' ಬರೆಯುವಾಗ ಅಳು ಬರುತ್ತದೆ ಅವಳಿಗೆ. ನೀನು ಚೆನ್ನಾಗಿದ್ದೀಯಾ? ಸುಂದರಿ.


ಡೊಂಬಿವಲಿ
4 ಡಿಸೆಂಬರ್ 1983

ಸುಂದರಿಯಮ್ಮ,

ಇದನ್ನು ಮನೆಯಲ್ಲಿ ಯಾರ ಎದುರೂ ಓದಬೇಡಿ.

ದಿನಕ್ಕೆರಡು ಸಲ ನನ್ನ ಗಾಡಿ ಥಾಣೆ ದಾಟುತ್ತದೆ. ಇಳಿದು ಹತ್ತು ಹೆಜ್ಜೆ ನಡೆದರೆ ನಿಮ್ಮ ಕಡೆಗೆ ಹೋಗುವ ರಸ್ತೆ. ನಿಮ್ಮ ಕಾರ್ಡು ಬಂದ ಮೇಲೆ ಥಾಣೆ ಬಂದಾಗ ನಾನು ಪ್ಲಾಟ್‌ಫಾರಂ ಕಡೆ ನೋಡುವುದನ್ನೂ ಬಿಟ್ಟಿದ್ದೇನೆ. ಪಾರಸಿಕ್ ಸುರಂಗದ ಕತ್ತಲೆ ಬಂದರೆ ನೆಮ್ಮದಿಯಾಗುತ್ತದೆ.

ನಾನು ನಿಮ್ಮ ಪುಸ್ತಕದ ಪರವಾಗಿ ಮಾತಾಡಲಿಲ್ಲ.

ಮುರಾರಿಯವರು ನನ್ನ ಹೆಸರು ಕರೆದು, ಇವರು 'ವಾರಿಜೆಯ ವನವಾಸ' ಸೂಚಿಸುತ್ತಾರೆ ಎಂದರು. ಮೇಜಿನ ಮೇಲೆ ಪುಸ್ತಕದ ರಾಶಿಯಿತ್ತು. ಪ್ರೊಫೆಸರರು ನಮ್ಮ ಹರಿದ ಪ್ರತಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. "ಅಳಸೋ ಪುಸ್ತಕಕ್ಕ ಗಾಜಿನ ಕಪಾಟ ಯಾಕ್ರೀ ಬೇಕು? ಒಂದು ಕರ್ಚೀಫ್ ಇದ್ರ ಸಾಕಲ್ಲ" ಅಂದರು. ಸಭೆ ಎಲ್ಲ ನಕ್ಕಿತು. ಅವರು ಕೆಟ್ಟ ಮನುಷ್ಯರಲ್ಲ, ತಮಾಷೆಗೆ ಅಂದದ್ದು. ನನ್ನ ಹಿಂದಿನ ಸಾಲಿನಲ್ಲಿ ನಮ್ಮ ಸೂಪರಿಂಟೆಂಡೆಂಟ್ ಮೇಡಂ ಕೂತಿದ್ದರು, ಅವರೂ ವಾಚನಾಲಯದ ಸದಸ್ಯರು. ಅವರೂ ನಕ್ಕು ನನ್ನ ಕಡೆ ನೋಡಿದರು. ನಾನು ಎದ್ದೆ. ಜಗಲಿಯ ಮಾತು ಬಾಯಿಯ ತನಕ ಬಂತು. ಅದನ್ನು ಹೇಳಿದರೆ ನಾನು ಎಂಥವಳು, ಏನು ಓದಿ ಬೆಳೆದವಳು ಎಂದು ಎಲ್ಲರಿಗೂ ತಿಳಿದುಹೋಗುತ್ತದೆ ಅನ್ನಿಸಿತು. "ಇಲ್ಲ ಸರ್, ಏನೋ ತಪ್ಪಾಗಿದೆ" ಎಂದೆ. ಬಿ.ಎ.ಗೆ ಪಠ್ಯವಾಗಿರುವ ಒಂದು ದಪ್ಪ ಕಾದಂಬರಿಯ ಹೆಸರು ಹೇಳಿದೆ. ಅದನ್ನು ನಾನು ಮೂರು ಸಲ ಶುರು ಮಾಡಿ ಮೂರು ಸಲವೂ ಅರ್ಧಕ್ಕೆ ಬಿಟ್ಟಿದ್ದೇನೆ. ಪ್ರೊಫೆಸರರು, "ಶಭಾಷ್, ಹಿಂಗ ಓದುಗರು ಬೆಳೀಬೇಕು" ಅಂದರು. ಚಪ್ಪಾಳೆಯಾಯಿತು. ಆ ಚಪ್ಪಾಳೆ ನನಗೆ ಹಿತವಾಯಿತು, ಅಮ್ಮ. ಅದನ್ನು ನೆನೆದರೆ ಈಗ ನನಗೇ ಅಸಹ್ಯವಾಗುತ್ತದೆ.

ನಿಮ್ಮನ್ನು ಬರಬೇಡಿ ಎಂದದ್ದೂ ಮಳೆಗಾಗಿ ಅಲ್ಲ. ಆಗಲೇ ನನಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ಕವರ್ ಹಾಕಿದ್ದು ಕೊಳೆಯಾಗುತ್ತದೆಂದೂ ಅಲ್ಲ.

ನಿಮ್ಮ ಮೊಮ್ಮಗಳು ನನ್ನ ಸುಳ್ಳನ್ನು ನಂಬಿ ಅಕ್ಷರ ಕಲಿಯುತ್ತಿದ್ದಾಳೆ ಎಂದು ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಪುಸ್ತಕವನ್ನು ನಾಳೆ ಪೋಸ್ಟ್ ಮಾಡುತ್ತೇನೆ. ಇನ್ನು ನೀವು ನನಗೆ ಬರೆಯಬೇಕಾಗಿಲ್ಲ.

ವಿಮಲಾ


ನೌಪಾಡಾ
7 ಡಿಸೆಂಬರ್ 1983

ವಿಮಲಾ,

ನೀನು ಹೇಳಿದಂತೆ ಯಾರ ಎದುರೂ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ನಾನು ಅಲ್ಲಿದ್ದೆ.

ನೀನು ಬೇಡವೆಂದರೆ ನಾನು ಕೇಳುವವಳೇ ಮಾರಾಯ್ತಿ? ಜಯಶೀಲ ಇಳಿಸಿ ಹೋದ. ಮಳೆಯೂ ಇರಲಿಲ್ಲ, ಮೊಣಕಾಲುದ್ದ ನೀರೂ ಇರಲಿಲ್ಲ. ಚಪ್ಪಲಿ ಬಿಡುವ ಕಡೆ, ಮುರಾರಿಯ ಕಣ್ಣಿಗೆ ಬೀಳದಂತೆ ಕಂಬದ ಮರೆಯಲ್ಲಿ ಕೂತೆ. ನೀನು ಮುಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟು ಕೂತಿದ್ದೆ. ಮುರಾರಿ ಹೆಸರು ಕರೆದಾಗಷ್ಟೇ ಇವಳೇ ವಿಮಲಾ ಎಂದು ತಿಳಿಯಿತು. ಪ್ರೊಫೆಸರರ ಮಾತೂ ಕೇಳಿದೆ, ನಿನ್ನ ಮಾತೂ ಕೇಳಿದೆ. ಆ ಹೊತ್ತಿನಲ್ಲಿ ನಿನ್ನ ಮೇಲೆ ಬಂದ ಸಿಟ್ಟು ಸುಳ್ಳಲ್ಲ. ಎದ್ದು ಬಂದು ನಿನ್ನ ರಟ್ಟೆ ಹಿಡಿದು ಕೇಳಬೇಕು ಎನ್ನಿಸಿತು.

ಆಮೇಲೆ ಆದದ್ದನ್ನು ನೀನು ಬರೆಯಲಿಲ್ಲ. ನೀನು ಗಮನಿಸಿರಲಿಕ್ಕಿಲ್ಲ. ಮುರಾರಿ ನನ್ನ ಪುಸ್ತಕ ಎತ್ತಿ ತೋರಿಸಿ, ಹಾಗಾದರೆ ಇದು ರದ್ದಿಗೆ, ಒಪ್ಪುವವರು ಕೈ ಎತ್ತಿ ಎಂದ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ಬಾಗಿ, "ನೀವು ಇದನ್ನು ಓದಿದ್ದೀರಾ ಅಮ್ಮ?" ಎಂದಳು. ಕೆಣಕುವ ಧ್ವನಿಯೇನಲ್ಲ. ಅವಳು ಓದಿದ್ದಾಳೆ, ಇನ್ನೊಬ್ಬಳು ಓದಿದವಳು ಸಿಕ್ಕಿದರೆ ಮಾತಾಡೋಣ ಎಂದುಕೊಂಡಿದ್ದಾಳೆ ಎಂದು ಈಗ ಅನ್ನಿಸುತ್ತದೆ. ನಾನು, "ಇಲ್ಲಪ್ಪ, ಇಂಥದ್ದೆಲ್ಲ ನಾನು ಓದುವುದಿಲ್ಲ" ಎಂದೆ. ಅವಳ ಮುಖ ಸಣ್ಣದಾಯಿತು. ಅವಳು ಕೈ ಎತ್ತಿದಳು. ನಾನೂ ಎತ್ತಿದೆ.

ನೀನು ಎತ್ತಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ, ನಾನು ನೋಡಿದೆ. ನನ್ನ ವಾರಿಜೆಯನ್ನು ಮನೆಯಿಂದ ಹೊರಗೆ ಹಾಕಿದವರಲ್ಲಿ ನೀನಿಲ್ಲ, ನಾನಿದ್ದೇನೆ. ಆವತ್ತು ಪ್ರೊಫೆಸರರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಸಭೆಯವರಿಗೆ ಮುಖ ಗೊತ್ತಿರಲಿಲ್ಲ. ನನ್ನನ್ನು ಯಾರೂ ಬೆದರಿಸಲಿಲ್ಲ. ಸುಮ್ಮನೆ ಕೂತಿದ್ದರೂ ನಡೆಯುತ್ತಿತ್ತು. ಎಲ್ಲರೂ ನಗುವಾಗ ನಾನು ಮಾತ್ರ ಆ ಪುಸ್ತಕದ ಕಡೆಯವಳಾಗಿ ಕಾಣಲು ನನಗೆ ನಾಚಿಕೆಯಾಯಿತು. ಮೇಷ್ಟ್ರುಗಳು, ಓದುಗರು ಎಂದು ನಿನಗೆ ಎಷ್ಟು ಜಂಬದಲ್ಲಿ ಬರೆದಿದ್ದೆ. ಇಂಥ ಪುಸ್ತಕ ಹೇಗೆ ಅಳಿಯುತ್ತದೆ ಎಂದು ಆವತ್ತು ನನ್ನ ಕೈಯಿಂದಲೇ ಕಲಿತೆ.

ಮನೆಗೆ ಬಂದಾಗ ನಯನಾ ಬಾಗಿಲಲ್ಲೇ ನಿಂತಿದ್ದಳು. "ಕ್ಯಾ ಹುವಾ ಅಜ್ಜಿ?" ಎಂದಳು. ಪುಸ್ತಕ ಆಯ್ಕೆಯಾಗಲಿಲ್ಲ, ಆದರೆ ಒಬ್ಬಳು ಎಲ್ಲರ ಎದುರು ಎದ್ದು ನಿಂತು ಚೆನ್ನಾಗಿ ಮಾತಾಡಿದಳು ಎಂದೆ. ಏನು ಮಾತಾಡಿದಳು ಎಂದು ಕೇಳಿದ್ದಕ್ಕೆ, ಸರಿಯಾಗಿ ಕೇಳಿಸಲಿಲ್ಲ, ಅವಳೇ ಬರೆಯುತ್ತಾಳೆ ಎಂದು ತಪ್ಪಿಸಿಕೊಂಡೆ. ಆಮೇಲೆ ದಿನವೂ ಅಂಚೆಯವನು ಬಂದಾಗ ನಾನೇ ಮೊದಲು ಬಾಗಿಲಿಗೆ ಹೋಗುತ್ತಿದ್ದೆ. ನೀನು ನಿಜ ಬರೆದರೆ ಏನು ಮಾಡುವುದು? ನಿನ್ನ ಪತ್ರ ಬಂತು. ನಾನು ಹೇಳಿದ ಸುಳ್ಳನ್ನೇ ನೀನೂ ಬರೆದಿದ್ದೆ. ಬದುಕಿದೆ ಎಂದುಕೊಂಡು ಗಟ್ಟಿಯಾಗಿ ಓದಿದೆ. ನಿನ್ನನ್ನು ಸಮಾಧಾನ ಮಾಡಲು ಅಲ್ಲ, ನನ್ನನ್ನು ಉಳಿಸಿಕೊಳ್ಳಲು.

ಪುಸ್ತಕ ಇವತ್ತು ಬಂತು. ನಯನಾ ಮೊದಲ ಪುಟದ ಮೂರು ಸಾಲು ಓದಿದಳು, ಒಂದೊಂದು ಅಕ್ಷರ ಬೆರಳಿಟ್ಟು. ನಾಲ್ಕನೆಯದಕ್ಕೆ ಕಷ್ಟದ ಒತ್ತಕ್ಷರ ಬಂದು ನಿಂತಳು. ಮುಂದೆ ಓದುವ ಮೊದಲು ಅವಳಿಗೆ ಆ ಡೊಂಬಿವಲಿಯ ಮೌಶಿಯನ್ನು, ಅಂದರೆ ಈ ಚಿಕ್ಕಮ್ಮನನ್ನು, ನೋಡಬೇಕಂತೆ. ಸಭೆಯಲ್ಲಿ ಹೇಳಿದ್ದನ್ನು ನಿನ್ನ ಬಾಯಿಂದಲೇ ಕೇಳಬೇಕಂತೆ. ಅವಳಿಗೆ ನಿಜ ಹೇಳುವ ಧೈರ್ಯ ನನಗಿಲ್ಲ. ಹೇಳು ಎಂದು ನಿನಗೆ ಹೇಳುವ ಮುಖವೂ ಇಲ್ಲ.

ಭಾನುವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಬರುತ್ತೇನೆ. ನಿನ್ನ ಮನೆಯವರೆಲ್ಲ ಇರಲಿ, ಅಕ್ಕಪಕ್ಕದವರೂ ಇದ್ದರೆ ಕರೆದು ಕೂರಿಸು. ಅಪ್ಪನ ಎದುರು ನೀನು ನಿಂತ ಕಥೆಯನ್ನು ಅವರೆಲ್ಲರ ಮುಂದೆ ಅವಳಿಗೆ ಹೇಳು. ನಾನೂ ಅದನ್ನು ಇನ್ನೂ ಕೇಳಿಲ್ಲ.

ಸುಂದರಿ